ಚೀನಾ ಜೊತೆ ಸ್ನೇಹ ಬೆಳೆಸೋ ಬ್ರಿಟನ್ ಸಂಸದರ ಗುಂಪು: ಇಂಥದ್ದು ಬೇಕಾ? ಬೇಕಂದ್ರೆ ಹೆಂಗಿರಬೇಕು?

ಥೇಮ್ಸ್_ದಂಡೆ:
ಎಲ್ರಿಗೂ ನಮಸ್ಕಾರ. ಕಳೆದ ತಿಂಗಳು ಅಪ್ಪ ಅಮ್ಮ ಊರಿಂದ ಬಂದಿದ್ರು, ಇಬ್ರನ್ನೂ ಲ್ಯಾಂಬೆತ್‌ನಲ್ಲಿರೋ ಬಸವಣ್ಣನ ಪ್ರತಿಮೆ ನೋಡಕ್ಕೆ ಕರ್ಕೊಂಡು ಹೋಗಿದ್ದೆ, ಅದೇ 2015ರ ನವೆಂಬರ್‌ನಲ್ಲಿ ಮೋದಿ ಬಂದು ಅನಾವರಣ ಮಾಡಿದ್ದು. ಅಲ್ಲಿಂದ ದಂಡೆ ಮೇಲೆ ಸ್ವಲ್ಪ ನಡೆದ್ರೆ ಹೊಳೆ ಆಚೆ ಪಾರ್ಲಿಮೆಂಟು ಪೂರ್ತಿ ಕಾಣುತ್ತೆ, ನೀರಿಗೆ ತಾಗಿದಂಗೆ ಉದ್ದಕ್ಕೆ ಒಂದು ಜಗಲಿ, ಅದರ ಮೇಲೆ ಪಟ್ಟೆಪಟ್ಟೆ ಶಾಮಿಯಾನ. ಅಪ್ಪ ಕೇಳಿದ್ರು, "ಅದೇನಮ್ಮ ಅಲ್ಲಿ, ಮದುವೆ ಮನೆ ಥರ ಶಾಮಿಯಾನ ಹಾಕವ್ರೆ?" ನಾನಂದೆ, ಸಂಸದರು ಹೊರಗಿನವರನ್ನ ಕರೆದು ಕೂಟ ನಡೆಸೋ ಜಾಗ ಅಪ್ಪ, ಒಂದೊಂದು ದಿನ ಒಂದೊಂದು ಗುಂಪಿಂದು ಅಂತ. "ಯಾರು ದುಡ್ಡು ಹಾಕ್ತಾರೆ?" ಅಂದ್ರು. ಅಪ್ಪ 30 ವರ್ಷ ಸಹಕಾರ ಸಂಘದ ಲೆಕ್ಕ ಬರೆದವರು, ಅವರಿಗೆ ಮೊದಲು ತೋಚೋದೇ ಅದು. ನನಗೆ ಉತ್ತರ ಗೊತ್ತಿರ್ಲಿಲ್ಲ. ಮನೆಗೆ ಬಂದು ಹುಡುಕಕ್ಕೆ ಕೂತೆ, ಎರಡು ರಾತ್ರಿ ಅದರಲ್ಲೇ ಹೋಯ್ತು, ಕೊನೆಗೆ ಹೋಗಿ ನಿಂತಿದ್ದು ಚೀನಾ ಗುಂಪಿನ ಹತ್ರ.

ಇಲ್ಲಿ ಆಲ್ ಪಾರ್ಟಿ ಪಾರ್ಲಿಮೆಂಟರಿ ಗ್ರೂಪ್ ಅಂತ ಇದಾವೆ, 2023ರಲ್ಲಿ 700ಕ್ಕಿಂತ ಜಾಸ್ತಿ ಇದ್ವು. ದೇಶಕ್ಕೊಂದು, ಕಾಯಿಲೆಗೊಂದು, ಕಸುಬಿಗೊಂದು. ಚೀನಾ ಗುಂಪು 1997ರಲ್ಲಿ ಶುರುವಾಗಿದ್ದು, ಹಾಂಕಾಂಗ್ ವಾಪಸ್ ಕೊಟ್ಟ ವರ್ಷ. ಎರಡೂ ಸದನದವರು (ಕೆಳಮನೆ ಕಾಮನ್ಸ್, ಮೇಲ್ಮನೆ ಲಾರ್ಡ್ಸ್), ಎಲ್ಲಾ ಪಕ್ಷದವರು ಇರ್ತಾರೆ, ಚೀನಾ ಬಗ್ಗೆ ತಿಳ್ಕೊಳ್ಳೋದು, ಅಲ್ಲಿಂದ ಬಂದವರನ್ನ ಭೇಟಿ ಮಾಡೋದು, ಇವರೂ ಅಲ್ಲಿಗೆ ಹೋಗಿಬರೋದು, ಇದೇ ಅದರ ಕೆಲಸ. ಕಾನೂನು ಮಾಡೋ ಅಧಿಕಾರ ಇಲ್ಲ, ಯಾರನ್ನೂ ಕರೆಸಿ ಸಾಕ್ಷಿ ಹೇಳಿಸೋ ಹಂಗಿಲ್ಲ, ಸರ್ಕಾರದ ಕೆಲಸ ತನಿಖೆ ಮಾಡೋ ಸದನದ ಅಧಿಕೃತ ಸಮಿತಿ, ಅಂದ್ರೆ ಸೆಲೆಕ್ಟ್ ಕಮಿಟಿ ಥರ ಅಲ್ಲವೇ ಅಲ್ಲ.

ಇದು ಇರಬೇಕು ಅನ್ನೋದೇ ನನ್ನ ಅಭಿಪ್ರಾಯ. ಆದ್ರೆ ಆ ಗುಂಪಿನ ಟೀಗೆ, ಟಿಕೆಟ್‌ಗೆ, ಗುಮಾಸ್ತನ ಸಂಬಳಕ್ಕೆ ಯಾರು ದುಡ್ಡು ಕೊಡ್ತಾರೆ ಅನ್ನೋದು ನಮ್ಮಪ್ಪನಂಥವರು ಓದಿದ್ರೂ ಅರ್ಥ ಆಗೋ ಹಂಗೆ ಬರೆದಿರಬೇಕು. ನೀವೆಲ್ಲ ಏನಂತೀರಿ?

ಧಾರವಾಡ_82:
ಅಕ್ಕಾರ, ನನಗಂತೂ ಇದು ತಿಳೀವಲ್ದು. 2021ರ ಮಾರ್ಚ್‌ನ್ಯಾಗ ಚೀನಾ ಅದ ಬ್ರಿಟನ್ ಪಾರ್ಲಿಮೆಂಟಿನ ಐದು ಎಂಪಿಗಳ ಮ್ಯಾಲ, ಇಬ್ಬರು ಲಾರ್ಡ್‌ಗಳ ಮ್ಯಾಲ ನಿರ್ಬಂಧ ಹಾಕಿತ್ತು, ಹೌದಲ್ರೀ? ಚೀನಾಕ್ಕ ಬರಂಗಿಲ್ಲ, ಹಾಂಕಾಂಗ್, ಮಕಾವಿಗೂ ಕಾಲಿಡಂಗಿಲ್ಲ, ಅಲ್ಲಿ ಆಸ್ತಿ ಇದ್ರ ಮುಟ್ಟುಗೋಲು ಅಂತ ಆಗ ಹೇಳಿತ್ತು. ಅವರು ಮಾಡಿದ ತಪ್ಪರ ಏನು, ಶಿನ್‌ಜಿಯಾಂಗ್ ಪ್ರಾಂತದಾಗಿನ ಉಯ್ಘರ್ ಮುಸಲ್ಮಾನ ಮಂದಿಗೆ ಚೀನಾ ಕೊಡೂ ತ್ರಾಸಿನ ಬಗ್ಗೆ ಸದನದಾಗ ಬಾಯಿ ಬಿಟ್ಟಿದ್ದು. ಮನ್ಯಾಗಿನ ಮಂದೀನ ಹೊರಗ ಹಾಕಿದವರ ಜೋಡಿ ಉಳಿದವರು ಕುಂತು ಚಹಾ ಕುಡೀತಾರಂದ್ರ ಅದು ಎಂಥಾ ಸ್ನೇಹ? ಗಲ್ವಾನದಾಗ ನಮ್ಮ 20 ಮಂದಿ ಸೈನಿಕರು ಹೋದ್ರು, 2020ರ ಜೂನ್ 15. ಆ ರಾತ್ರಿ ಸುದ್ದಿ ನೋಡಿಕೋತ ಕುಂತಿದ್ದು ನಾ ಇನ್ನೂ ಮರೆತಿಲ್ಲ. ನಂಬಿಕಿ ಇಲ್ಲದ ಕಡೆ ಸ್ನೇಹದ ಸಂಘ ಕಟ್ಟೂದು ನನಗ ಸೇರೂದಿಲ್ಲ.

ಬೊಮ್ಮಸಂದ್ರ_ಲೈನ್:
ಧಾರವಾಡ ಸರ್, ನಿಮ್ಮ ಸಿಟ್ಟು ನನಗೂ ಇದೆ, ಇಲ್ಲ ಅನ್ನಲ್ಲ, ಆದ್ರೆ ನನ್ನ ಕಥೆ ಕೇಳಿ. ನಾನು ದಿನಾ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋನು. ನಮ್ಮ ಮೆಟ್ರೋ 216 ಬೋಗಿ ಆರ್ಡರ್ ಕೊಟ್ಟಿದ್ದು ಚೀನಾದ ಸಿಆರ್‌ಆರ್‌ಸಿ ಕಂಪನಿಗೆ, 2019ರಲ್ಲಿ. ಆಮೇಲೆ ಕೋವಿಡ್ ಬಂತು, ಗಡಿ ಗಲಾಟೆ ಆಯ್ತು, ಗಡಿ ಹಂಚ್ಕೊಂಡಿರೋ ದೇಶಗಳ ಹೂಡಿಕೆಗೆ ರೂಲ್ಸು ಬಿಗಿಯಾಯ್ತು, ಅವರ ಇಂಜಿನಿಯರ್‌ಗಳಿಗೆ ವೀಸಾ ಸಿಗ್ತಿಲ್ಲ ಅನ್ನೋ ಸುದ್ದಿ ಪೇಪರ್‌ನಲ್ಲಿ ತಿಂಗಳುಗಟ್ಲೆ ಬರ್ತಾನೇ ಇತ್ತು, ಕೊನೆಗೆ ಕೋಲ್ಕತ್ತಾ ಕಡೆ ಟಿಟಾಗಢ್ ಅನ್ನೋ ಕಂಪನಿ ಜೊತೆ ಸೇರಿ ಬೋಗಿ ಮಾಡೋದು ಅಂತಾಯ್ತು. ಮೊದಲನೇ ರೈಲು ಹೆಬ್ಬಗೋಡಿ ಡಿಪೋಗೆ ಬಂದಿದ್ದು 2024ರ ಫೆಬ್ರವರಿ, ಹಳದಿ ಲೈನ್ ಓಪನ್ ಆಗಿದ್ದು 2025ರ ಆಗಸ್ಟ್ 10. ಅಷ್ಟು ದಿನ ಕಂಬ ನಿಂತಿತ್ತು, ಹಳಿ ಇತ್ತು, ಸ್ಟೇಷನ್ ಲೈಟು ಉರೀತಿತ್ತು, ರೈಲಿಲ್ಲ. ನಾನು ಕೆಳಗೆ ಬಸ್ಸಲ್ಲಿ ನಿಂತ್ಕೊಂಡು ಮೇಲೆ ನೋಡ್ತಿದ್ದೆ. ತಡಕ್ಕೆ ಬೇರೆ ಕಾರಣಾನೂ ಇದ್ವು, ಚೀನಾ ಒಂದೇ ಅಲ್ಲ. ಆದ್ರೆ ಎರಡು ದೇಶದವರು ಮಾತಾಡೋದು ನಿಲ್ಲಿಸಿದ್ರೆ ಪೆಟ್ಟು ಬೀಳೋದು ನಮ್ಮಂಥವರಿಗೇ ಅನ್ನೋದು ನನಗಂತೂ ಆಗ ಮನವರಿಕೆ ಆಯ್ತು. ಸಂಸದರೇ ಮಾತಾಡದೆ ಹೋದ್ರೆ ಇನ್ಯಾರು ಮಾತಾಡ್ಬೇಕು ಹೇಳಿ?

ಧಾರವಾಡ_82:
ಮೆಟ್ರೋ ಮಾತು ಒಪ್ಪಿದೆ ತಮ್ಮಾ. ಆದ್ರ ಅದಕ್ಕ ಸರಕಾರ ಐತಿ, ರಾಯಭಾರ ಕಚೇರಿ ಐತಿ. ಎಂಪಿ ಇರೂದು ಸರಕಾರಕ್ಕ ಪ್ರಶ್ನೆ ಕೇಳಾಕ, ಇನ್ನೊಂದು ದೇಶದವರ ಪಂಕ್ತಿಯಾಗ ಕುಂದ್ರಾಕ ಅಲ್ಲ.

ಮಾನಸಗಂಗೋತ್ರಿ_ಹಳಬ:
ನಾನು ರಾಜ್ಯಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು, ಒಂದೆರಡು ವಿಷಯ ಸೇರಿಸ್ತೀನಿ. ಧಾರವಾಡದವರು ಹೇಳಿದ ನಿರ್ಬಂಧದ ಹಿನ್ನೆಲೆ ಏನಂದ್ರೆ, 2021ರ ಮಾರ್ಚ್ 22ಕ್ಕೆ ಬ್ರಿಟನ್, ಅಮೆರಿಕ, ಕೆನಡಾ, ಯುರೋಪಿಯನ್ ಯೂನಿಯನ್ ಎಲ್ಲ ಸೇರಿ ಶಿನ್‌ಜಿಯಾಂಗ್‌ನ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಿದ್ರು, ನಾಲ್ಕೇ ದಿನಕ್ಕೆ ಚೀನಾ ತಿರುಗಿ ಹಾಕ್ತು, ಒಟ್ಟು 9 ಜನ, 4 ಸಂಸ್ಥೆ. ಇಯಾನ್ ಡಂಕನ್ ಸ್ಮಿತ್, ಟಾಮ್ ಟುಗೆಂಡ್‌ಹ್ಯಾಟ್, ನುಸ್ರತ್ ಘನಿ, ನೀಲ್ ಓಬ್ರಿಯನ್, ಟಿಮ್ ಲೌಟನ್, ಇವರು ಐದು ಜನ ಎಂಪಿಗಳು. ಅಧಿಕಾರಿಗಳಿಗೆ ಪ್ರತಿಯಾಗಿ ಜನಪ್ರತಿನಿಧಿಗಳನ್ನ ಹಿಡಿದಿದ್ದು ನೋಡಿ, ನನ್ನ ಪ್ರಕಾರ ಅಲ್ಲೇ ಲೆಕ್ಕ ತಪ್ಪಿದ್ದು. ಹೆದರಿ ಸುಮ್ಮನಾಗ್ತಾರೆ ಅಂದ್ಕೊಂಡಿದ್ರೋ ಏನೋ, ಏಪ್ರಿಲ್ 22ಕ್ಕೆ ನುಸ್ರತ್ ಘನಿ ತಂದ ನಿರ್ಣಯದಲ್ಲಿ ಹೌಸ್ ಆಫ್ ಕಾಮನ್ಸ್ ಉಯ್ಘರರ ಮೇಲೆ ನಡೀತಿರೋದು ನರಮೇಧ ಅಂತಲೇ ಹೇಳಿಬಿಡ್ತು. ಸರ್ಕಾರಕ್ಕೆ ಅದು ಬಂಧಕ ಅಲ್ಲ, ಆದ್ರೂ ಸದನದ ಮಾತು ಸದನದ ಮಾತೇ.

ಈಗ ಅಕ್ಕನವರು ಹೇಳಿದ ಗುಂಪಿನ ವಿಷಯಕ್ಕೆ ಬರೋಣ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಈ ಚೀನಾ ಗುಂಪು ಪಾರ್ಲಿಮೆಂಟ್ ಆವರಣದಲ್ಲೇ ಒಂದು ಕೂಟ ಇಟ್ಕೊಂಡು ಹೊಸ ಚೀನಾ ರಾಯಭಾರಿ ಝೆಂಗ್ ಝೆಗುವಾಂಗ್ ಅವರನ್ನ ಕರೆದಿತ್ತು. ಆಗ ಗುಂಪಿನ ಅಧ್ಯಕ್ಷರು ರಿಚರ್ಡ್ ಗ್ರಹಾಂ, ಗ್ಲಾಸ್ಟರ್ ಎಂಪಿ, ಮೊದಲು ಬೀಜಿಂಗ್‌ನಲ್ಲಿ ರಾಜತಾಂತ್ರಿಕ ಕೆಲಸ ಮಾಡಿದವರು, ಚೀನಾ ಬಲ್ಲವರು. ನಿರ್ಬಂಧಕ್ಕೆ ಒಳಗಾದ ಎಂಪಿಗಳು ಸ್ಪೀಕರ್‌ಗೆ ದೂರು ಕೊಟ್ರು. ಕಾಮನ್ಸ್ ಸ್ಪೀಕರ್ ಲಿಂಡ್ಸೆ ಹಾಯ್ಲ್, ಲಾರ್ಡ್ಸ್ ಸ್ಪೀಕರ್ ಜಾನ್ ಮೆಕ್‌ಫಾಲ್ ಇಬ್ಬರೂ ಬೇಡ ಅಂದ್ರು. ಹಾಯ್ಲ್ ಹೇಳಿದ ತಾತ್ಪರ್ಯ ಇಷ್ಟೇ: ನಮ್ಮ ಸದಸ್ಯರ ಮೇಲೆ ನಿರ್ಬಂಧ ಇರೋ ತನಕ ಈ ಅಂಗಳದಲ್ಲಿ ಭೇಟಿ ಸರಿಯಲ್ಲ, ನಿರ್ಬಂಧ ತೆಗೀರಿ, ಆಗ ಬನ್ನಿ, ಬೇರೆ ಕಡೆ ಭೇಟಿ ಆದ್ರೆ ನನ್ನ ಅಡ್ಡಿ ಇಲ್ಲ. ರಾಯಭಾರ ಕಚೇರಿ ಇದನ್ನ ಹೇಡಿತನ ಅಂತ ಜರೀತು. ನನಗೆ ಮಾತ್ರ ಆ ತೀರ್ಮಾನ ತುಂಬಾ ಹಿಡಿಸ್ತು. ಗುಂಪು ಮುಚ್ಚು ಅನ್ನಲಿಲ್ಲ, ಮಾತಾಡಬೇಡಿ ಅನ್ನಲಿಲ್ಲ, ಹೊಸ್ತಿಲು ಎಲ್ಲಿದೆ ಅಂತ ಮಾತ್ರ ತೋರಿಸಿದ್ರು.

ಶೆಫೀಲ್ಡ್_ಎಂಎಸ್ಸಿ:
ಸರ್ ನೀವು ಬರೆದಿದ್ದು ಓದಿ ಖುಷಿಯಾಯ್ತು, ನಾನು ಇಲ್ಲಿ ಓದೋಕೆ ಬಂದು ಒಂದೂವರೆ ವರ್ಷ, ಮನೆಯಲ್ಲಿ ನಾವು ಐದು ಜನ ಅದರಲ್ಲಿ ಮೂವರು ಚೀನಾದವರು, ಒಬ್ಬಳು ಚೆಂಗ್ಡು ಇನ್ನಿಬ್ರು ವುಹಾನ್ ಕಡೆಯವರು, ಒಂದೇ ಅಡುಗೆಮನೆ. ನಾನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಚೆಂಗ್ಡು ಹುಡುಗಿ ಓಡಿ ಬಂದು ಇದು ನಮ್ಮನೆ ವಾಸನೆ ಅಂತಾಳೆ. ಅವಳ ಹತ್ರ ಅಡುಗೆ, ಅಪ್ಪ ಅಮ್ಮ, ಪರೀಕ್ಷೆ ಎಲ್ಲಾ ಮಾತಾಡ್ತೀವಿ, ಆದ್ರೆ ಒಂದಿನ ನಾನು ಟಿಬೆಟ್ ಅಂದೆ, ನಮ್ಮ ಕರ್ನಾಟಕದಲ್ಲಿ ಟಿಬೆಟನ್ನರ ಊರೇ ಇದೆ ಅಂತ ಹೇಳಕ್ಕೆ ಹೋಗಿ, ಅವಳು ಮೊಬೈಲ್ ಎತ್ಕೊಂಡು ಹೋಗಿ ಬೇರೆ ರೂಮಲ್ಲಿ ಇಟ್ಟು ಬಂದ್ಳು. ಬಂದ ಮೇಲೂ ಮಾತಾಡ್ಲಿಲ್ಲ, ಬೇರೆ ವಿಷಯ ತೆಗೆದ್ಳು. ನನಗೆ ಅವತ್ತು ಗಂಟಲು ಕಟ್ಟಿದ ಹಾಗಾಯ್ತು. ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ ಸಂಬಂಧ ಬೇಕೇ ಬೇಕು, ಆದ್ರೆ ಅಲ್ಲಿನ ಜನ ಬೇರೆ ಅಲ್ಲಿನ ಪಕ್ಷ ಬೇರೆ ಅನ್ನೋದು ಗೊತ್ತಿರೋ ಎಂಪಿಗಳು ಬೇಕು. ರಾಯಭಾರ ಕಚೇರಿಯವರು ತೋರಿಸಿದ್ದನ್ನೇ ಚೀನಾ ಅಂದ್ಕೊಂಡ್ರೆ ನನ್ನ ಫ್ರೆಂಡ್ ಆ ಚೀನಾದಲ್ಲಿ ಇರಲ್ಲ.

ಥೇಮ್ಸ್_ದಂಡೆ:
ಪುಟ್ಟಾ, ಮೊಬೈಲ್ ಬೇರೆ ರೂಮಲ್ಲಿ ಇಟ್ಟು ಬಂದಿದ್ದು ಓದಿ ನಾನೂ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಹುಡುಗಿ ಯಾರು ಅಂತ ಗೊತ್ತಾಗೋ ಹಂಗೆ ಇನ್ನೇನೂ ಬರೀಬೇಡ ಇಲ್ಲಿ, ಆಯ್ತಾ?

ಈಗ ದುಡ್ಡಿನ ವಿಷಯ, ಅಪ್ಪನ ಪ್ರಶ್ನೆ. ಈ ಗುಂಪುಗಳಿಗೆ ಪಾರ್ಲಿಮೆಂಟು ಕೈಯಿಂದ ಖರ್ಚಿಗೆ ಕೊಡಲ್ಲ. ಹೊರಗಿನ ಕಂಪನಿ, ಸಂಸ್ಥೆ, ದಾನಿಗಳು ಕೊಡ್ತಾರೆ, ಇಲ್ಲಾಂದ್ರೆ ಯಾವುದೋ ಸಂಸ್ಥೆ ತನ್ನ ಕಡೆಯವರನ್ನೇ ಕಾರ್ಯದರ್ಶಿ ಕೆಲಸಕ್ಕೆ ಒದಗಿಸುತ್ತೆ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು. ಸಹಕಾರ ಸಂಘದಲ್ಲಿ ಅಧ್ಯಕ್ಷರು ತಿಂಗಳಿಗೊಂದು ಸಲ ಬಂದು ಸಹಿ ಹಾಕ್ತಾರೆ, ಸಭೆಗೆ ಯಾರನ್ನ ಕರೀಬೇಕು, ನಡಾವಳಿಯಲ್ಲಿ ಏನು ಬರೀಬೇಕು ಅಂತ ನಿಜವಾಗಿ ತೀರ್ಮಾನ ಆಗೋದು ಕಾರ್ಯದರ್ಶಿ ಮೇಜಿನ ಮೇಲೆ. ಅಪ್ಪ ಯಾವಾಗಲೂ ಹೇಳೋ ಮಾತು ಇದು.

2022ರ ಜನವರಿ 13ರಂದು ಇಲ್ಲಿನ ಒಳನಾಡು ಗುಪ್ತಚರ ಸಂಸ್ಥೆ ಎಂಐ5 ಎಲ್ಲಾ ಸಂಸದರಿಗೂ ಒಂದು ಎಚ್ಚರಿಕೆ ಕಳಿಸ್ತು. ಲಂಡನ್ನಿನ ಒಬ್ಬ ಸಾಲಿಸಿಟರ್ (ವಕೀಲರು) ಚೀನಾ ಕಮ್ಯುನಿಸ್ಟ್ ಪಕ್ಷದ ಯುನೈಟೆಡ್ ಫ್ರಂಟ್ ವಿಭಾಗದ (ಪಕ್ಷದ ಹೊರಗಿನವರನ್ನ, ವಿದೇಶದವರನ್ನ ತನ್ನ ಕಡೆ ಒಲಿಸ್ಕೊಳ್ಳೋ ವಿಭಾಗ) ಪರವಾಗಿ ಇಲ್ಲಿ ಪ್ರಭಾವ ಬೀರೋ ಕೆಲಸ ಮಾಡ್ತಿದ್ದಾರೆ ಅಂತ. ಅವರು ಶುರುಮಾಡಿದ ಸಂಸ್ಥೆ ಬ್ರಿಟನ್ನಿನಲ್ಲಿರೋ ಚೀನೀಯರ ಬಗ್ಗೆ ಇದ್ದ ಇನ್ನೊಂದು ಗುಂಪಿಗೆ (ಇದು ಬೇರೆ, 1997ರ ಗುಂಪು ಅಲ್ಲ, ಎರಡನ್ನೂ ಕಲಸಬೇಡಿ ದಯವಿಟ್ಟು) ಕಾರ್ಯದರ್ಶಿ ಕೆಲಸ ಮಾಡ್ಕೊಡ್ತಿತ್ತು. ಆ ಸಾಲಿಸಿಟರ್ ಮೇಲೆ ಕ್ರಿಮಿನಲ್ ಕೇಸ್ ಹಾಕಿಲ್ಲ, ಅವರೇ ಎಂಐ5 ಮೇಲೆ ಟ್ರಿಬ್ಯೂನಲ್‌ಗೆ ಹೋಗಿ 2024ರ ಡಿಸೆಂಬರ್‌ನಲ್ಲಿ ಸೋತ್ರು. ಒಬ್ಬ ಎಂಪಿ ಆಫೀಸಿಗೆ ಅವರ ಕಡೆಯಿಂದ ವರ್ಷಗಳ ಕಾಲ ಲಕ್ಷಾಂತರ ಪೌಂಡ್ ದೇಣಿಗೆ ಹೋಗಿತ್ತು, ಅದನ್ನ ಆ ಎಂಪಿ ಸಂಸದರ ದೇಣಿಗೆ ಬರೆಯೋ ರಿಜಿಸ್ಟರ್‌ನಲ್ಲಿ ಬರೆಸಿದ್ದರು ಕೂಡ, ಮುಚ್ಚಿಟ್ಟಿರಲಿಲ್ಲ. ಅಂದ್ರೆ ಪುಸ್ತಕದಲ್ಲಿ ಬರೆದಿತ್ತು, ಓದಿದವರಿಗೆ ಅದರ ಅರ್ಥ ಹೊಳೀಲಿಲ್ಲ.

ಆಮೇಲೆ ನಿಯಮ ಬಿಗಿ ಮಾಡಿದ್ರು. 2024ರ ಮಾರ್ಚ್ ಕೊನೆಯಿಂದ ವಿದೇಶಿ ಸರ್ಕಾರ ಯಾವ ಗುಂಪಿಗೂ ಕಾರ್ಯದರ್ಶಿ ಕೆಲಸ ಮಾಡೋ ಹಂಗಿಲ್ಲ, ಅದಕ್ಕೆ ದುಡ್ಡು ಕೊಡೋ ಹಂಗೂ ಇಲ್ಲ. ಪ್ರತಿ ಗುಂಪಿಗೆ ಕನಿಷ್ಠ 20 ಸದಸ್ಯರು, ನಾಲ್ಕೇ ಪದಾಧಿಕಾರಿಗಳು. ವರ್ಷಕ್ಕೆ 1,500 ಪೌಂಡ್‌ಗಿಂತ ಜಾಸ್ತಿ ಬಂದ್ರೆ ಲೆಕ್ಕ ತೋರಿಸ್ಬೇಕು. ಒಳ್ಳೇದೇ. ಆದ್ರೆ ನೇರ ಸರ್ಕಾರ ಅಲ್ದೆ, ಆ ದೇಶದಲ್ಲಿ ವ್ಯಾಪಾರ ನಡೀಬೇಕು ಅಂದ್ರೆ ಅಲ್ಲಿನ ಸರ್ಕಾರದ ಮುಖ ನೋಡಬೇಕಾದ ಕಂಪನಿ ದುಡ್ಡು ಕೊಟ್ರೆ? ಆ ಗುಂಪಿನಲ್ಲಿ ಶಿನ್‌ಜಿಯಾಂಗ್ ಹತ್ತಿ ಬಗ್ಗೆ (ಉಯ್ಘರರಿಂದ ಬಲವಂತವಾಗಿ ದುಡಿಸ್ಕೋತಾರೆ ಅನ್ನೋ ಆರೋಪ ಇದೆಯಲ್ಲ) ಗಟ್ಟಿಯಾಗಿ ಕೇಳೋ ಎಂಪಿಗೆ ಮಾತಾಡೋ ಸರದಿ ಎಷ್ಟನೇದು? ನನಗೆ ಇರೋ ಚಿಂತೆ ಅಲ್ಲಿ.

ಪಿರಿಯಾಪಟ್ಟಣ_ಹೊಗೆಸೊಪ್ಪು:
ನಾನು ಬೈಲಕುಪ್ಪೆ ಪಕ್ಕದೋನು ಕಣಕ್ಕಾ. ಲಂಡನ್ ವಿಷಯ ನಂಗಷ್ಟು ಗೊತ್ತಿಲ್ಲ, ಆದ್ರೆ ಇಂಥದ್ದೇ ಒಂದು ಸಂಸದರ ಗುಂಪು ನಮ್ ದೇಶದಲ್ಲೂ ಅದೆ, ಉಲ್ಟಾ ಕಡೆಯಿಂದ. ಟಿಬೆಟ್‌ಗೋಸ್ಕರ ಇರೋ ಸರ್ವಪಕ್ಷ ಸಂಸದರ ವೇದಿಕೆ, 1970ರಲ್ಲಿ ಹಿಂದೆ ವಿದೇಶಾಂಗ ಮಂತ್ರಿ ಆಗಿದ್ದ ಎಂ.ಸಿ. ಛಾಗ್ಲಾ ಅವರ ಮುಂದಾಳತ್ವದಲ್ಲಿ ಶುರುವಾಗಿದ್ದು. 2021ರ ಡಿಸೆಂಬರ್‌ನಲ್ಲಿ ದೆಹಲೀಲಿ ಒಂದು ಹೋಟೆಲ್ನಲ್ಲಿ ಊಟಕ್ಕೆ ಸೇರಿದ್ರು, ಬಿಜೆಪಿ ಕಾಂಗ್ರೆಸ್ ಬಿಜೆಡಿ ಅಂತ ನೋಡ್ದೆ. ನಮ್ಮ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ಮೂವರು ಅಲ್ಲಿದ್ರು, ರಾಜೀವ್ ಚಂದ್ರಶೇಖರ್, ಜೈರಾಮ್ ರಮೇಶ್, ಕೆ.ಸಿ. ರಾಮಮೂರ್ತಿ. ಅಷ್ಟಕ್ಕೇ ದೆಹಲಿ ಚೀನಾ ರಾಯಭಾರ ಕಚೇರಿ ಅಧಿಕಾರಿಯೊಬ್ಬರು ನಮ್ಮ ಎಂಪಿಗಳಿಗೇ ನೇರ ಕಾಗದ ಬರೆದ್ರು, ಟಿಬೆಟ್ ಕಡೆಯೋರಿಗೆ ಬೆಂಬಲ ಕೊಡಬೇಡಿ ಅಂತ. ವಿದೇಶಾಂಗ ಇಲಾಖೆ ಉತ್ತರ ಚೆನ್ನಾಗಿತ್ತು: ನಮ್ದು ಪ್ರಜಾಪ್ರಭುತ್ವ, ಸಂಸದರು ತಮ್ಮ ನಂಬಿಕೆ ಪ್ರಕಾರ ನಡ್ಕೋತಾರೆ, ಇದನ್ನ ದೊಡ್ಡದು ಮಾಡ್ಬೇಡಿ ಅಂತ.

ನಮ್ ತಾತ ಹೇಳೋರು, 60ರ ದಶಕದ ಶುರುವಲ್ಲಿ ಟಿಬೆಟ್‌ನೋರು ಬಂದಾಗ ಈ ಕಡೆ ಬರೀ ಕಾಡು, ಆನೆ ಕಾಟ, ನಮ್ ಜ್ವರ ಬಿಸ್ಲು ತಡೀದೆ ಎಷ್ಟೋ ಜನ ಸತ್ತೋದ್ರಂತೆ. ಈಗ ಮುಸುಕಿನ ಜೋಳ ಅವರಷ್ಟು ಚೆಂದಾಗಿ ಬೆಳೆಯೋರಿಲ್ಲ. ನನ್ ಜೊತೆ ಓದಿದ ಹುಡುಗ ಹುಟ್ಟಿದ್ದು ಇಲ್ಲೇ, ಕನ್ನಡ ನನ್ಗಿಂತ ಚೆನ್ನಾಗಿ ಬರೀತಾನೆ, ಅವನ ಅಜ್ಜಿ ಲಾಸಾ ಮನೆ ಬೀಗದ ಕೈ ಇನ್ನೂ ಟ್ರಂಕಲ್ಲಿ ಇಟ್ಕೊಂಡವ್ರೆ. ನಾನು ಮುಟ್ಟಿ ನೋಡಿದ್ದೀನಿ, ಕಬ್ಬಿಣದ್ದು, ಅಂಗೈ ಉದ್ದ. ಚೀನಾ ಜೊತೆ ಸ್ನೇಹದ ಗುಂಪು ಮಾಡೋರು ಈ ಅಜ್ಜಿ ಕಣ್ಣಿಗೆ ಬಿದ್ರೆ ಏನ್ ಉತ್ತರ ಹೇಳ್ತಾರೆ, ನಂಗೆ ಬೇಕಾಗಿರೋದು ಅಷ್ಟೇ.

ಧಾರವಾಡ_82:
ಅಣ್ಣಾ, ಕಣ್ಣಾಗ ನೀರು ತರಿಸಿದಿ ನೋಡು. ಮುಂಡಗೋಡ ನಮಗ ದೂರಿಲ್ಲ, ನಮ್ಮವ್ವ ಅಲ್ಲಿ ಟಿಬೆಟ್ ಮಂದಿ ಕಡೆ ಸ್ವೆಟರ್ ತರತಿದ್ಲು.

ಬೊಮ್ಮಸಂದ್ರ_ಲೈನ್:
ಒಂದು ಸಂದೇಹ, ಮೇಷ್ಟ್ರಿಗೆ. ಚೀನಾ ಬಗ್ಗೆ ಗಟ್ಟಿಯಾಗಿ ಮಾತಾಡೋ ಗುಂಪೂ ಬ್ರಿಟನ್ನಲ್ಲಿ ಇದೆಯಲ್ಲ, ಅವರ ಕಡೇನೂ ಒಬ್ಬ ಸಹಾಯಕನ ಮೇಲೆ ಬೇಹುಗಾರಿಕೆ ಕೇಸ್ ಆಯ್ತು ಅಂತ ಓದಿದ್ದೆ. ಹಾಗಾದ್ರೆ ಸ್ನೇಹದ ಗುಂಪು ಮಾತ್ರ ಅಪಾಯ ಅನ್ನೋದು ಹೇಗೆ?

ಮಾನಸಗಂಗೋತ್ರಿ_ಹಳಬ:
ಸರಿಯಾದ ಪ್ರಶ್ನೆ. 2020ರಲ್ಲಿ ಟುಗೆಂಡ್‌ಹ್ಯಾಟ್, ಓಬ್ರಿಯನ್ ಸೇರಿ ಚೀನಾ ರಿಸರ್ಚ್ ಗ್ರೂಪ್ ಅಂತ ಮಾಡಿದ್ರು, ಅದೇ ವರ್ಷ ಜೂನ್‌ನಲ್ಲಿ ಬೇರೆ ಬೇರೆ ದೇಶದ ಸಂಸದರು ಸೇರಿ ಐಪ್ಯಾಕ್ (ಇಂಟರ್ ಪಾರ್ಲಿಮೆಂಟರಿ ಅಲಯನ್ಸ್ ಆನ್ ಚೀನಾ) ಅನ್ನೋ ಒಕ್ಕೂಟ ಕಟ್ಟಿದ್ರು. ನೀವು ಹೇಳಿದ ಕೇಸು 2025ರ ಸೆಪ್ಟೆಂಬರ್‌ನಲ್ಲಿ ವಿಚಾರಣೆಗೆ ಮುಂಚೆಯೇ ಬಿದ್ದುಹೋಯ್ತು, ಆರೋಪ ಹೊತ್ತ ಇಬ್ಬರೂ ತಪ್ಪು ಮಾಡಿಲ್ಲ ಅಂತಲೇ ಹೇಳ್ಕೊಂಡು ಬಂದವರು, ಹಾಗಾಗಿ ಅವರನ್ನ ತಪ್ಪಿತಸ್ಥರು ಅನ್ನೋ ಹಾಗಿಲ್ಲ. 1911ರ ಹಳೇ ಕಾಯ್ದೆ ಕೆಳಗೆ ಕೇಸ್ ಹಾಕಿದ್ರು, ಆ ಕಾಲಕ್ಕೆ ಚೀನಾ ದೇಶದ ಭದ್ರತೆಗೆ ಬೆದರಿಕೆ ಆಗಿತ್ತು ಅಂತ ಸರ್ಕಾರದ ಕಡೆಯಿಂದ ಸಾಕ್ಷ್ಯ ಬೇಕಿತ್ತು, ಪ್ರಾಸಿಕ್ಯೂಷನ್‌ಗೆ ಬೇಕಾದಷ್ಟು ಸಿಗ್ಲಿಲ್ಲ. ಇದರಲ್ಲಿ ನನಗೆ ಕಾಣೋದು ಏನಂದ್ರೆ ಬ್ರಿಟನ್ನಿಗೇ ಚೀನಾನ ಏನಂತ ಕರೀಬೇಕು ಅಂತ ತೀರ್ಮಾನ ಆಗಿಲ್ಲ. 2015ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಬಂದಾಗ ಪಾರ್ಲಿಮೆಂಟಿನ ರಾಯಲ್ ಗ್ಯಾಲರಿಯಲ್ಲಿ ಭಾಷಣ ಮಾಡಿಸಿದ್ರು, ಸುವರ್ಣ ಯುಗ ಅಂದ್ರು, ಕ್ಯಾಮರೂನ್ ಹಳ್ಳಿ ಪಬ್ಬಿಗೆ ಕರ್ಕೊಂಡು ಹೋದ್ರು. ಆರು ವರ್ಷಕ್ಕೆ ಅದೇ ಕಟ್ಟಡದ ಬಾಗಿಲು ಅವರ ರಾಯಭಾರಿಗೆ ಮುಚ್ಚಿತು. ಸರ್ಕಾರ ಹೀಗೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲ್ತಾ ಇರುವಾಗ ಚೀನಾ ಬಗ್ಗೆ ಓದಿಕೊಂಡ ಸಂಸದರು ಎರಡೂ ಕಡೆ ಇರಬೇಕು ಅಂತ ನನಗನ್ಸುತ್ತೆ.

ಶೆಫೀಲ್ಡ್_ಎಂಎಸ್ಸಿ:
ಇನ್ನೊಂದು ಸೇರಿಸ್ತೀನಿ ಸರ್, 2025ರ ಏಪ್ರಿಲ್‌ನಲ್ಲಿ ವೆರಾ ಹಾಬ್‌ಹೌಸ್ ಅಂತ ಬಾತ್ ಊರಿನ ಎಂಪಿ ಹಾಂಕಾಂಗ್‌ಗೆ ಹೋಗಿದ್ರು, ರಾಜಕೀಯಕ್ಕಲ್ಲ, ಹುಟ್ಟಿದ ಮೊಮ್ಮಗನ್ನ ನೋಡಕ್ಕೆ. ಏರ್‌ಪೋರ್ಟಲ್ಲೇ ತಡೆದು ಪ್ರಶ್ನೆ ಮಾಡಿ ವಾಪಸ್ ಕಳ್ಸಿದ್ರು. ಮಗು ಮುಖ ನೋಡಕ್ಕೂ ಬಿಡ್ಲಿಲ್ಲ. ಅವರು ಐಪ್ಯಾಕ್ ಸದಸ್ಯೆ. ಸ್ನೇಹದ ಗುಂಪಲ್ಲಿರೋ ಎಂಪಿಗಳಿಗೆ ಬೀಜಿಂಗ್‌ನಲ್ಲಿ ಬಾಗಿಲು ತೆರೆಯುತ್ತೆ ಅಂದ್ರೆ, ಆ ಬಾಗಿಲಲ್ಲಿ ನಿಂತು ಈ ಅಜ್ಜಿ ಬಗ್ಗೆ ಒಂದು ಮಾತು ಕೇಳ್ಬೇಕಲ್ವಾ? ಅದೂ ಆಗಲ್ಲ ಅಂದ್ರೆ ಹೋಗೋದಾದ್ರೂ ಯಾಕೆ?

ಥೇಮ್ಸ್_ದಂಡೆ:
ಇದನ್ನೇ ನಾನು ಎರಡು ದಿನದಿಂದ ಹೇಳಕ್ಕೆ ಒದ್ದಾಡ್ತಿದ್ದೆ, ನೀನು ಎರಡು ಸಾಲಲ್ಲಿ ಹೇಳಿಬಿಟ್ಟೆ. ಧಾರವಾಡ ಅಣ್ಣಾವ್ರು ಕೇಳಿದ್ರಲ್ಲ ಎಂಥಾ ಸ್ನೇಹ ಅಂತ, ಪಿರಿಯಾಪಟ್ಟಣದ ತಮ್ಮ ಆ ಬೀಗದ ಕೈ ವಿಷಯ ಹೇಳಿದ್ನಲ್ಲ, ಅದೆಲ್ಲಾ ಓದಿದ ಮೇಲೂ ಗುಂಪು ಇರಬೇಕು ಅಂತಲೇ ನಾನಂತೀನಿ. ಆದ್ರೆ ಅಲ್ಲಿ ಕೂತವರು ಕಷ್ಟದ ಮಾತು ಎತ್ತಬೇಕು, ಎತ್ತಿದ್ದನ್ನ ವಾಪಸ್ ಬಂದು ಮತದಾರರಿಗೆ ಹೇಳ್ಬೇಕು, ಯಾರ ದುಡ್ಡಲ್ಲಿ ಹೋಗಿದ್ವಿ ಅಂತಾನೂ ಹೇಳ್ಬೇಕು.

ನಮ್ಮ ಏರಿಯಾ ಎಂಪಿ ವಾರಕ್ಕೊಮ್ಮೆ ಜನರನ್ನ ಭೇಟಿ ಮಾಡೋ ದಿನ ಇರುತ್ತೆ, ಇಲ್ಲಿ ಅದಕ್ಕೆ ಸರ್ಜರಿ ಅಂತಾರೆ. ಮುಂದಿನ ಶುಕ್ರವಾರ ಸಂಜೆ ನಾಲ್ಕೂವರೆಗೆ ಲೈಬ್ರರಿ ಹಿಂದಿನ ರೂಮಲ್ಲಿ ಹತ್ತು ನಿಮಿಷ ಕೊಟ್ಟಿದ್ದಾರೆ. ಈ ಗುಂಪುಗಳ ರಿಜಿಸ್ಟರ್‌ನಲ್ಲಿ ಚೀನಾ ಗುಂಪಿನ ಪುಟ ಪ್ರಿಂಟ್ ತೆಗೆದಿಟ್ಕೊಂಡಿದ್ದೀನಿ, ಗುಂಪಿನ ಉದ್ದೇಶ, ಪದಾಧಿಕಾರಿಗಳು, ಯಾರಿಂದ ಏನು ಬಂತು ಅನ್ನೋ ಕಾಲಂ ಎಲ್ಲಾ ಇದೆ. ನೀವು ಈ ಗುಂಪಲ್ಲಿ ಇದ್ದೀರಾ, ಇಲ್ದಿದ್ರೆ ಸೇರ್ತೀರಾ, ಸೇರಿದ್ರೆ ಏನು ಕೇಳ್ತೀರಾ, ಇವು ಮೂರು ನನ್ನ ಪ್ರಶ್ನೆ. ಅಪ್ಪ ಊರಿಂದ ಫೋನ್ ಮಾಡಿ ಖರ್ಚಿನ ಕಾಲಮ್ಮು ಕಾರ್ಯದರ್ಶಿ ಹೆಸರು ಎರಡೂ ಕೇಳು ಅಂದ್ರು. ನಿಮ್ಮದೇನಾದ್ರೂ ಇದ್ರೆ ಗುರುವಾರದೊಳಗೆ ಬರೀರಿ, ಎಲ್ಲಾ ಸೇರಿಸಕ್ಕಾಗಲ್ಲ, ಒಂದೋ ಎರಡೋ ಖಂಡಿತ ಕೇಳ್ತೀನಿ.

ಧಾರವಾಡ_82:
ನಾ ಇನ್ನೂ ಪೂರ್ತಿ ಒಪ್ಪಿಲ್ಲ ಅಕ್ಕಾರ. ಆದ್ರ ಕೇಳ್ರಿ: ನಿಮ್ಮ ಜೋಡಿ ಕುಂದ್ರೂ ಒಬ್ಬ ಎಂಪಿ ಮ್ಯಾಲ ಅವರು ನಿರ್ಬಂಧ ಹಾಕಿದ್ರ, ಮರುದಿನದ ಊಟಕ್ಕ ನೀವು ಹೋಗ್ತೀರೋ ಇಲ್ಲೋ? ಹೌದು ಅಥವಾ ಇಲ್ಲ, ಒಂದ ಮಾತಿನ್ಯಾಗ.

ಪಿರಿಯಾಪಟ್ಟಣ_ಹೊಗೆಸೊಪ್ಪು:
ನಂದು ಒಂದೇ ಅಕ್ಕಾ. ಈವತ್ತು ಬೆಳಿಗ್ಗೆ ಆ ಅಜ್ಜಿ ಮನೆಗೆ ಹೋಗಿದ್ದೆ, ವಿಷಯ ಹೇಳ್ದೆ, ಮೊಮ್ಮಗ ಟಿಬೆಟನ್ನಲ್ಲಿ ತಿಳಿಸ್ದ. ಅವರು ಸ್ವಲ್ಪ ಹೊತ್ತು ಜಪಮಣಿ ತಿರುಗಿಸ್ತಾ ಇದ್ದು ಕೇಳಿದ್ದು ಇಷ್ಟು, ಹಂಗೇ ಬರೀತೀನಿ: ಲಾಸಾಗೆ ಹೋಗೋಕೆ ಆ ಸಂಸದರಿಗೆ ಅನುಮತಿ ಸಿಗುತ್ತಾ, ಸಿಕ್ರೆ ನಮ್ಮ ಬೀದಿ ಇನ್ನೂ ಇದೆಯಾ ಅಂತ ನೋಡ್ಕೊಂಡು ಬರ್ತಾರಾ?

ಥೇಮ್ಸ್_ದಂಡೆ:
ಬೀದಿ ಹೆಸರು ಕೇಳಿ ಬರ್ಕೊಂಡು ನನಗೆ ಖಾಸಗಿಯಾಗಿ ಕಳಿಸು, ಇಲ್ಲಿ ಹಾಕಬೇಡ. ಶುಕ್ರವಾರ ಮೊದಲು ಇದನ್ನೇ ಕೇಳ್ತೀನಿ.